ಮುಳ್ಳು ಹಾಕಿದ ಮನೆಯ ವಿಳಾಸ

ನನ್ನ ಸೋದರಮಾವ ಮಲಯಾದಿಂದ ಬಂದು ಗುಮ್ಮಳಾಪುರದಲ್ಲಿ ಬಸ್ಸಿಳಿದ ದಿನ ಊರಿನವರಿಗೆ ಸ್ವಲ್ಪ ನಿರಾಸೆಯೇ ಆಯಿತು. ನಲವತ್ತು ವರ್ಷ ಫಾರಿನ್‌ನಲ್ಲಿದ್ದವನು ಕೋಟು ಬೂಟು ಹಾಕಿಕೊಂಡು ಬರುತ್ತಾನೆಂದು ಕಾದಿದ್ದವರ ಮುಂದೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಗಟ್ಟಿಮುಟ್ಟಾದ ಆಳೊಬ್ಬ ಇಳಿದ. ಇಳಿದವನೇ ನನ್ನಜ್ಜಿಯ ಕಾಲು ಹಿಡಿದು, 'ಬಂದ್ಬುಟ್ಟೆ ಕಣವ್ವ, ಇನ್ನೆಲ್ಲೂ ಹೋಗಾಕಿಲ್ಲ' ಎಂದ. ಹದಿನೇಳನೇ ವಯಸ್ಸಿಗೆ ಹೋಗಿದ್ದವನ ಕನ್ನಡ ಹೋದಾಗ ಹೇಗಿತ್ತೋ ಹಾಗೇ ಇತ್ತು. ನಾವು ಶಾಲೆ, ರೇಡಿಯೋ ಎಂದು ನಾಲಿಗೆ ತಿದ್ದಿಕೊಂಡಿದ್ದೆವು, ಅವನು ಮಾತ್ರ ನಮ್ಮಜ್ಜನ ಕಾಲದ ಮಾತು ಆಡುತ್ತಿದ್ದ. ಊರ ಹುಡುಗರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಅದು ಎಂಬತ್ತರ ದಶಕದ ನಡುಗಾಲ, ಸಂಕ್ರಾಂತಿ ಕಳೆದ ಹೊಸದು. ತಮಿಳುನಾಡಿಗೆ ಸೇರಿದ ನಮ್ಮ ಗಡಿಯೂರಿನ ಕನ್ನಡ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ನನ್ನ ಗಂಡನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಅಲ್ಲೇ ಒಂದು ಕೋಣೆ ಮಾಡಿಕೊಂಡು ಭಾನುವಾರ ಬಂದು ಹೋಗುತ್ತಿದ್ದ. ಅಜ್ಜಿಯ ಮನೆಯಲ್ಲಿ ಅಜ್ಜಿ, ಗಂಡನನ್ನು ಕಳೆದುಕೊಂಡಿದ್ದ ನನ್ನವ್ವ, ನಾನು, ಮೂರೇ ಜನ ಹೆಂಗಸರು. ಮಾವ ಬಂದ ಮೇಲೆ ಮನೆಯಲ್ಲಿ ಗಂಡಸಿನ ದನಿ ಕೇಳಿಸತೊಡಗಿತು. ಅವನ ಹೆಂಡತಿ ಅಲ್ಲೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಅಲ್ಲಿದ್ದ ತನ್ನ ಲೇತ್ ವರ್ಕ್‌ಶಾಪನ್ನು ಪೂರ್ತಿ ಮಾರಿ, ಇದ್ದುದನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಹಿಂದಕ್ಕೆ ಹೋಗಿ ನಿಲ್ಲಲು ಅವನಿಗೆ ಅಲ್ಲಿ ಒಂದು ಗೂಟವೂ ಉಳಿದಿರಲಿಲ್ಲ.

ಹೊಸೂರಿನಲ್ಲಿ ಆಗ ದಿನಕ್ಕೊಂದು ಕಾರ್ಖಾನೆ ಏಳುತ್ತಿತ್ತು. ರಾಗಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು. ಮಾವ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಹಡಗಿನಲ್ಲಿ ತರಿಸಿದ ಎರಡು ಲೇತ್ ಕೂರಿಸಿ, ಬೇರಿಕೆ ಎಂಬ ಊರಿನ ಕಡೆಯ ಆರು ಜನ ಆಳುಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬೋಲ್ಟು, ಬುಷ್ಷು ಮಾಡಿಕೊಡತೊಡಗಿದ. ಬೆಳಗಿನ ಮೊದಲ ಬಸ್ಸಿಗೆ ಹೋಗುವನು, ಸಂಜೆ ಬಟ್ಟೆಯಲ್ಲಿ ಎಣ್ಣೆ ವಾಸನೆ ತುಂಬಿಕೊಂಡು ಬರುವನು. ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಮುದ್ದೆ ಮುರಿಯುವಾಗಿನ ಅವನ ಮುಖವನ್ನು ನೋಡಿದರೆ ಈ ಮನುಷ್ಯ ಇದೊಂದಕ್ಕಾಗಿಯೇ ನಲವತ್ತು ವರ್ಷ ದುಡಿದಿದ್ದಾನೆ ಅನ್ನಿಸುತ್ತಿತ್ತು.

ಆದರೆ ಅವನ ಪಾಸ್‌ಪೋರ್ಟು ಬೇರೆ ದೇಶದ್ದು. ಆ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಅಲ್ಲಿ ವ್ಯಾಪಾರ ಮಾಡಬೇಕಾದರೆ ಅಲ್ಲಿಯ ಪ್ರಜೆಯಾಗು ಎಂದಿದ್ದರು, ಆಗಿದ್ದ. ಹಾಗಾದ್ದರಿಂದ ಇಲ್ಲಿಯ ಸರ್ಕಾರಕ್ಕೆ ಅವನು ಬಂಡವಾಳ ತಂದ ವಿದೇಶಿ. ಇಲ್ಲಿ ಇರಲು ಕೊಡುವ ಪರ್ಮಿಟ್ಟನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಪರ್ಮಿಟ್ಟಿದ್ದರೆ ಮಾತ್ರ ಶೆಡ್ಡು ನಡೆಸಲು ಅನುಮತಿ. ಯಾರಾದರೂ ಒಬ್ಬ ಗುಮಾಸ್ತ ಬೇಡ ಎಂದರೆ ಎರಡೂ ಹೋದಂತೆ. ಅವನಿಗೆ ಇದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಈ ದೇಶದ ಪ್ರಜೆಯಾಗಿ ಹೆಸರು ಬರೆಸಿಕೊಳ್ಳುವುದು. ಇಲ್ಲಿಯ ತಂದೆತಾಯಿಗೆ ಹುಟ್ಟಿದವನು ಆರು ತಿಂಗಳು ಇಲ್ಲಿ ವಾಸವಿದ್ದರೆ ಅರ್ಜಿ ಹಾಕಬಹುದು ಎಂದು ಹೊಸೂರಿನ ವಕೀಲರು ಹೇಳಿದ್ದರು. 'ಆರು ತಿಂಗ್ಳು ಅವ್ವನ ಮಗ್ಗುಲಲ್ಲಿ ಮಲಗೆದ್ರೆ ಆಯ್ತಂತೆ ಕಣ್ ಮಗ. ಇದೇನ್ ಕಷ್ಟ' ಎಂದು ಮಾವ ನನಗೆ ಹೇಳಿದ. ಆಷಾಢದಲ್ಲಿ ಆರು ತಿಂಗಳು ತುಂಬಿತು. ಅರ್ಜಿ ಬರೆದವಳು ನಾನೇ. ವಿಳಾಸದ ಜಾಗದಲ್ಲಿ ಅಜ್ಜಿಯ ಮನೆಯ ಬಾಗಿಲ ನಂಬರನ್ನು ಗುಂಡಾದ ಅಕ್ಷರದಲ್ಲಿ ಬರೆದೆ.

ಅರ್ಜಿ ಹೋಗಿ ಇಪ್ಪತ್ತು ದಿನವೂ ಆಗಿರಲಿಲ್ಲ, ಅಜ್ಜಿ ಸತ್ತಳು. ವಯಸ್ಸಾಗಿತ್ತು, ಮಗನ ತೊಡೆಯ ಮೇಲೆ ಪ್ರಾಣ ಹೋಯಿತು, ಅದು ಪುಣ್ಯವೇ. ಆದರೆ ಶಾಸ್ತ್ರ ಕೇಳಿ ಬಂದ ನಮ್ಮ ದೊಡ್ಡವರು ಬಾಗಿಲಲ್ಲೇ ನಿಂತು ಧನಿಷ್ಠೆ ಎಂದರು. ನಮ್ಮ ಕಡೆ ಆ ನಕ್ಷತ್ರದಲ್ಲಿ ಸಾವಾದರೆ ಆ ಮನೆಯಲ್ಲಿ ಯಾರೂ ಇರುವ ಹಾಗಿಲ್ಲ. ಇದ್ದರೆ ಅದೇ ಮನೆಯಿಂದ ಇನ್ನೊಂದು ಜೀವ ಹೋಗುತ್ತದೆ. ದೀಪ ಆರಿಸಿ, ಬಾಗಿಲು ಹಾಕಿ, ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಕಟ್ಟಿ ಆರು ತಿಂಗಳು ಬಿಟ್ಟುಬಿಡಬೇಕು. ಆಮೇಲೆ ಶಾಂತಿ ಮಾಡಿಸಿ, ಮೊದಲು ಹಸುವನ್ನು ಒಳಗೆ ಬಿಟ್ಟು ನಾವು ಹೋಗಬೇಕು.

ಮಾವನಿಗೆ ಇದು ನಗೆಪಾಟಲು. 'ಹೆತ್ತ ತಾಯಿ ಪಿಶಾಚಿ ಆಗಿ ಬತ್ತಾಳಾ? ನಾನು ಒಬ್ನೇ ಇರ್ತೀನಿ ಬುಡಿ' ಎಂದ. ಅವ್ವ ಅವನ ಮೇಲೆ ಹರಿಹಾಯ್ದಳು. 'ನಲವತ್ತು ವರ್ಷಕ್ಕೆ ಸಿಕ್ಕಿದೀಯ ಕಣ್ಲಾ. ನಿನ್ನೂ ಕಳ್ಕೋಬೇಕಾ ನಾನು?' ಅವನು ಮಣಿದ. ನಾವು ಮೂವರೂ ಪಾತ್ರೆಪಡಗ ಗಾಡಿಗೆ ಹಾಕಿಕೊಂಡು ನನ್ನ ಚಿಕ್ಕಮ್ಮನ ಊರಿಗೆ ಹೋದೆವು. ಎರಡು ಮೈಲಿ ದೂರ ಅಷ್ಟೆ, ಆದರೆ ನಡುವೆ ಗಡಿ. ಅದು ಕರ್ನಾಟಕ, ಇದು ತಮಿಳುನಾಡು.

ಹೋಗುವ ದಿನ ಮಾವ ಕೇಳಿದ್ದ, 'ವಿಳಾಸ ಬದ್ಲಾದ್ರೆ ಪೊಲೀಸ್ನೋರ್ಗೆ ಬರ್ದು ತಿಳಿಸ್ಬೇಕು ಅಂತ ಪರ್ಮಿಟ್ಟಲ್ಲಿ ಐತಲ್ಲ, ಮಗ?' ನಾನು ಬೇಡ ಎಂದೆ. ನಮಗೆ ಆ ಗಡಿ ಒಂದು ಗಡಿಯೇ ಅಲ್ಲ. ಹಿಟ್ಟಿನ ಮಿಲ್ಲು ಆ ಕಡೆ, ಸಂತೆ ಈ ಕಡೆ. ಹೆಣ್ಣು ತರುವುದು ಅಲ್ಲಿಂದ, ಕೊಡುವುದು ಅಲ್ಲಿಗೆ. ದನಗಳು ಬೆಳಿಗ್ಗೆ ಒಂದು ರಾಜ್ಯದಲ್ಲಿ ಮೇಯ್ದು ಸಂಜೆ ಇನ್ನೊಂದರಲ್ಲಿ ನೀರು ಕುಡಿಯುತ್ತವೆ. ಎರಡು ಮೈಲಿಗೆ ಯಾರಾದರೂ ಪೊಲೀಸರಿಗೆ ಕಾಗದ ಬರೆಯುತ್ತಾರೆಯೇ? ಓದಿದವಳು ಹೇಳಿದಳೆಂದು ಅವನು ಸುಮ್ಮನಾದ. ಇವತ್ತು ಆ ಮಾತು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ದೀಪಾವಳಿ ಕಳೆದ ಮೇಲೆ ಅರ್ಜಿಯ ವಿಚಾರಣೆಗೆಂದು ಪೊಲೀಸಿನವನೊಬ್ಬ ಗುಮ್ಮಳಾಪುರಕ್ಕೆ ಬಂದ. ಬಾಗಿಲಿಗೆ ಬೀಗ, ಬೀಗದ ಮೇಲೆ ಮುಳ್ಳು. ಅವನು ಬೇರೆ ಕಡೆಯವನು, ಆ ಮುಳ್ಳಿನ ಅರ್ಥ ಅವನಿಗೆ ತಿಳಿದಿರಲಿಕ್ಕಿಲ್ಲ. ಎದುರು ಮನೆಯ ಮುದುಕಿಯನ್ನು ಕೇಳಿದ. ಆಕೆ ನಮಗೆ ಬೇಕಾದವಳೇ, ಅಜ್ಜಿಯ ಗೆಳತಿ. ಖಾಕಿ ಬಟ್ಟೆ ನೋಡಿದ ಕೂಡಲೇ ಮಾವನನ್ನು ಹಿಡಿದುಕೊಂಡು ಹೋಗಲು ಬಂದಿದ್ದಾರೆಂದು ಆಕೆಗೆ ಅನ್ನಿಸಿತು. ಆ ವಾರದ ಸಂತೆಯಲ್ಲಿ ಸಿಕ್ಕಿದವಳು ನನ್ನನ್ನು ಪಕ್ಕಕ್ಕೆ ಕರೆದು ಹೆಮ್ಮೆಯಿಂದ ಹೇಳಿದಳು: 'ನಾನು ಬಿಟ್ಕೊಡ್ಲಿಲ್ಲ ಕಣವ್ವ. ಅಂಥೋರು ಯಾರೂ ಇಲ್ಲಿಲ್ಲ, ಊರು ಬಿಟ್ಟು ಹೋಗಿ ಸುಮಾರು ದಿನ ಆಯ್ತು, ಎಲ್ಲಿಗ್ ಹೋದ್ರೋ ಗೊತ್ತಿಲ್ಲ ಅಂದ್ಬುಟ್ಟೆ.'

ಆಕೆಯನ್ನು ಬೈಯುವುದು ಹೇಗೆ? ನಮ್ಮೂರಲ್ಲಿ ಯಾರ ಮನೆಗೆ ಪೊಲೀಸರು ಬಂದರೂ ಎದುರು ಮನೆಯವರು ಹೇಳುವುದೇ ಹಾಗೆ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಕಾಗದ ಬಂದದ್ದು ಪುಷ್ಯ ಮಾಸದಲ್ಲಿ. ಅರ್ಜಿದಾರ ತಾನು ಹೇಳಿದ ವಿಳಾಸದಲ್ಲಿ ವಾಸವಿಲ್ಲ, ಇರುವ ಜಾಗ ತಿಳಿದಿಲ್ಲ ಎಂದು ಅದರಲ್ಲಿತ್ತು. ನಾನೂ ಮಾವನೂ ಕೃಷ್ಣಗಿರಿಯಲ್ಲಿ ಬಸ್ಸು ಬದಲಿಸಿ ಜಿಲ್ಲಾ ಕಚೇರಿಗೆ ಹೋದೆವು. ನನಗೆ ಆಗ ಐದು ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಬಸ್ಸಿನ ಪ್ರತಿ ಕುಲುಕಿಗೂ ಮಾವ ತನ್ನ ಕೈಯನ್ನು ನನ್ನ ಬೆನ್ನ ಹಿಂದೆ ಅಡ್ಡ ಇಡುತ್ತಿದ್ದ.

ಅಲ್ಲಿಯ ಗುಮಾಸ್ತರು ಒಳ್ಳೆಯವರು. ಫೈಲು ತೆಗೆದು, 'ವೀಡು ಪೂಟ್ಟಿ ಇರುಂದುದಾಂ' ಎಂದರು. ಮನೆಗೆ ಬೀಗ ಹಾಕಿತ್ತಂತಲ್ಲ ಎಂದು. ನಾನು ನನಗೆ ಬರುವ ತಮಿಳಿನಲ್ಲಿ ಎಲ್ಲ ಹೇಳಿದೆ. ಅವರಿಗೆ ನಕ್ಷತ್ರದ ವಿಷಯ ಅರ್ಥವಾಯಿತು, ಅವರ ಕಡೆಯೂ ಉಂಟಂತೆ. ತಲೆ ಅಲ್ಲಾಡಿಸಿ ಹೇಳಿದರು: 'ಫೈಲಿನಲ್ಲಿ ನಕ್ಷತ್ರ ಬರೆಯೋದಕ್ಕೆ ಆಗೋಲ್ಲಮ್ಮ. ಮುಂದಿನ ವಾರ ಇನ್ನೊಂದು ಸಲ ಆಳು ಕಳಿಸ್ತೀನಿ. ಇವರು ಆ ಮನೆಯೊಳಗೆ ಇರಬೇಕು. ಒಲೆ ಉರೀತಿರಬೇಕು, ಬಟ್ಟೆ ಒಣಗ್ತಿರಬೇಕು. ಅಷ್ಟಾದರೆ ವರದಿ ಸರಿಹೋಗುತ್ತೆ. ಕಾನೂನು ಬಿಗಿಯಾಗ್ತಾ ಇದೆ, ತಡ ಮಾಡಬೇಡಿ.' ಮನೆಯ ಬಾಗಿಲು ತೆಗೆಯಲು ಇನ್ನೂ ಇಪ್ಪತ್ತನಾಲ್ಕು ದಿನ ಉಳಿದಿತ್ತು.

ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಅವತ್ತು ಸಂಜೆ ಮಾವ ಅವ್ವನ ಮುಂದೆ ಕೂತ. ಅಷ್ಟು ದೈನ್ಯದಿಂದ ಅವನು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

'ಅಕ್ಕಾ, ಒಂದು ವಾರ. ನಾನೊಬ್ನೇ ಹೋಗಿ ಇರ್ತೀನಿ. ಪೊಲೀಸ್ನೋನು ಬಂದು ನೋಡ್ಕೊಂಡು ಹೋದ್ಮೇಲೆ ಮತ್ತೆ ಮುಳ್ಳು ಹಾಕ್ಬುಡಾಣ. ಏನಾದ್ರೂ ಆಗೋದಿದ್ರೆ ನನಗೇ ಆಗ್ಲಿ.'

ಅವ್ವ, 'ಅದು ಒಬ್ರುನ್ನ ನೋಡ್ಕೊಂಡು ಬರಾಕಿಲ್ಲ ಕಣ್ಲಾ. ಮನೆಗೆ ಸೇರ್ದೋರ ಪೈಕಿ ಯಾರ್ ಎಳೇರೋ ಅವ್ರುನ್ನ ಹುಡುಕ್ತದೆ ಅಂತಾರೆ. ನನ್ನ ಕೇಳ್ಬೇಡ, ಅವ್ಳುನ್ನ ಕೇಳು' ಎಂದು ನನ್ನ ಹೊಟ್ಟೆಯ ಕಡೆ ನೋಡಿದಳು.

ನಾನು ಐದನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದವಳು. ನಕ್ಷತ್ರ ಎಂದರೆ ಬಹಳ ದೂರದಲ್ಲಿ ಉರಿಯುವ ಸೂರ್ಯ, ಅದಕ್ಕೂ ನಮ್ಮ ಹಣೆಬರಹಕ್ಕೂ ಸಂಬಂಧವಿಲ್ಲ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಗ್ರಹಣದ ದಿನ ಊಟ ಮಾಡಿ ಬಂದು ಮಕ್ಕಳಿಗೆ ಹೇಳಿಕೊಂಡಿದ್ದೆ. ಮಾವ ನನ್ನತ್ತ ತಿರುಗಿದ. ಓದಿದ ಸೋದರಸೊಸೆ ತನ್ನ ಪರ ನಿಲ್ಲುತ್ತಾಳೆ ಎಂಬ ನಂಬಿಕೆ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ನನ್ನ ಹೊಟ್ಟೆಯೊಳಗೆ ಆ ಹೊತ್ತಿಗೆ ಮಗು ಒಮ್ಮೆ ಕದಲಿತು. ಹಿಂದಿನ ಎರಡೂ ಸಲ ಅಷ್ಟು ದೂರ ಬಂದೇ ಇರಲಿಲ್ಲ. ಕದಲಿದ್ದು ಅದೇ ಮೊದಲು.

'ಬೇಡ ಮಾವ' ಎಂದೆ. 'ಇಪ್ಪತ್ತನಾಲ್ಕು ದಿನ ತಾನೆ. ಆಮೇಲೆ ಹೋದ್ರಾಯ್ತು.'

ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆನೇನೋ. 'ಆಯ್ತು ಕಣ್ ಮಗ, ನೀನು ಹೇಳಿದಂಗೇ ಆಗ್ಲಿ' ಎಂದು ಎದ್ದು ಹೋದ. ಮುಂದಿನ ವಾರ ಪೊಲೀಸಿನವನು ಬಂದ, ಮುಳ್ಳು ನೋಡಿದ, ಹೋದ.

ಮನೆ ತೆರೆದೆವು. ಹಸು ಒಳಗೆ ಹೋಗಲು ಮೊಂಡಾಟ ಮಾಡಿತು, ಅವ್ವ ಅದರ ಬೆನ್ನು ಸವರಿ ಬೇಡಿಕೊಂಡಳು. ಮಾರನೇ ದಿನವೇ ಮಾವ ನನ್ನಿಂದ ಇನ್ನೊಂದು ಕಾಗದ ಬರೆಸಿ ಕಳಿಸಿದ. ಆಮೇಲೆ ಮತ್ತೊಂದು. ಪ್ರತಿ ಸಂಜೆ ಬಸ್ಸಿಳಿದವನು ಮನೆಗೆ ಬರುವ ಮುಂಚೆ ಪೋಸ್ಟ್‌ಮ್ಯಾನನ ಮನೆಗೆ ಹೋಗಿ ಬರುತ್ತಿದ್ದ. ಶೆಡ್ಡಿನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿತ್ತು, ದೊಡ್ಡ ಕಾರ್ಖಾನೆಯವರು ಇನ್ನೊಂದು ಲೇತ್ ಹಾಕಿ ಎನ್ನುತ್ತಿದ್ದರು. ಅವನು ಹಾಕಲಿಲ್ಲ. 'ಯಾವ್ ದೇಸ್ದಲ್ಲಿ ಇರ್ತೀನಿ ಅಂತ್ಲೇ ಗೊತ್ತಿಲ್ದಾಗ ಇನ್ನೊಂದು ಮಿಷಿನ್ ಯಾಕೆ?' ಎನ್ನುತ್ತಿದ್ದ. ಬೇಸಿಗೆಯ ಕೊನೆಯಲ್ಲಿ ನನಗೆ ಹೆಣ್ಣು ಮಗು ಆಯಿತು, ಅದೇ ಮನೆಯಲ್ಲಿ, ಅಜ್ಜಿ ಸತ್ತ ಕೋಣೆಯಲ್ಲಿ. ಮಾವ ಹೊಸೂರಿನಿಂದ ಎರಡು ಕೆಜಿ ಜಿಲೇಬಿ ತಂದು ಬೀದಿಗೆಲ್ಲ ಹಂಚಿದ.

ಅದಾಗಿ ಸ್ವಲ್ಪ ದಿನಕ್ಕೆ ಹೊಸ ಕಾನೂನು ಜಾರಿಗೆ ಬಂತು. ಗಡಿಗಳಲ್ಲಿ ನುಗ್ಗಿ ಬರುವವರು ಹೆಚ್ಚಾದರೆಂದು ಪೌರತ್ವದ ಕಾನೂನನ್ನು ಬಿಗಿ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಬರೆದಿದ್ದರು. ಆರು ತಿಂಗಳು ಎಂದಿದ್ದ ಜಾಗದಲ್ಲಿ ಐದು ವರ್ಷ ಎಂದಾಗಿತ್ತು. ಬಾಣಂತಿ ಮಂಚದ ಮೇಲೆ ಕೂತು ಆ ಸಾಲನ್ನು ನಾನು ಮೂರು ಸಲ ಓದಿದೆ. ನಮ್ಮ ಮಾವನಂತೆ ಪಂಚೆ ಉಟ್ಟುಕೊಂಡು ತಾಯಿಯ ಹತ್ತಿರ ಬಂದವನೊಬ್ಬ ಇದ್ದಾನೆ ಎಂದು ದೆಹಲಿಯಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ. ತೀರ್ಮಾನವಾಗದೆ ಉಳಿದ ಅರ್ಜಿಗಳೆಲ್ಲ ಹೊಸ ಕಾನೂನಿನ ಕೆಳಗೇ ಬರುತ್ತವೆಂದು ಕಚೇರಿಯಿಂದ ತಿಳಿಸಿದರು. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ, ಆಗ ಕೇಳುವ ಧೈರ್ಯವೂ ಇರಲಿಲ್ಲ.

'ಐದು ವರ್ಷ ಇರ್ತೀನಿ. ನಲವತ್ತು ಕಳ್ದೋನಿಗೆ ಐದೇನು?' ಎಂದ ಮಾವ. ಆದರೆ ಐದು ವರ್ಷ ಇರಬೇಕಾದರೆ ಪರ್ಮಿಟ್ಟು ಬೇಕು. ಆ ವರ್ಷದ ಪರ್ಮಿಟ್ಟು ಮುಗಿಯುತ್ತ ಬಂದಿತ್ತು. ವಿಳಾಸ ಬದಲಾದದ್ದನ್ನು ತಿಳಿಸದೆ ಬೇರೆ ರಾಜ್ಯದಲ್ಲಿ ಆರು ತಿಂಗಳು ಇದ್ದದ್ದು ಅಪರಾಧ, ಅದರ ವಿಚಾರಣೆ ಮುಗಿಯದೆ ಹೊಸದು ಮಾಡಿಕೊಡಲಾಗದು ಎಂದರು. ಶ್ರಾವಣದ ಒಂದು ಬೆಳಿಗ್ಗೆ ದೊಡ್ಡ ಅಧಿಕಾರಿಯ ಮುಂದೆ ಹಾಜರಾಗಲು ಕರೆ ಬಂತು. ಮನೆಯವರಲ್ಲಿ ಒಬ್ಬರು ಸಾಕ್ಷಿಗೆ ಬರಬೇಕಿತ್ತು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ನಾನು ಹೋದೆ.

ಅಧಿಕಾರಿ ಚಿಕ್ಕ ವಯಸ್ಸಿನವರು, ಗಡುಸಾದವರೇನಲ್ಲ. ಕುರ್ಚಿ ಕೊಟ್ಟು, ನನ್ನನ್ನು 'ಟೀಚರ್' ಎಂದು ಬಹುವಚನದಲ್ಲಿ ಮಾತಾಡಿಸಿದರು. ಫೈಲು ತಿರುವಿ ಮಾವನನ್ನು ತಮಿಳಿನಲ್ಲಿ ಕೇಳಿದರು, 'ಎರಡನೇ ಸಲ ಮುಂಚೆಯೇ ತಿಳಿಸಿ ಆಳು ಕಳಿಸಿದ್ದೇವೆ. ಆಗಲೂ ನೀವು ಆ ಮನೆಯಲ್ಲಿ ಇರಲಿಲ್ಲ. ನಿಜವಾಗಿ ಅಲ್ಲಿ ವಾಸವಿದ್ದವರು ಒಂದು ದಿನದ ಮಟ್ಟಿಗೆ ಬಾಗಿಲು ತೆಗೆಯುತ್ತಿದ್ದರು. ತೆಗೆಯಬೇಡ ಎಂದವರು ಯಾರು?'

'ನಾನು ಸಾರ್. ನನ್ನ ಹೊಟ್ಟೆಯಲ್ಲಿ ಈ ಕೂಸಿತ್ತು, ನನಗೆ ಭಯವಾಯಿತು.' ನಾನು ಹೇಳಬೇಕಾದದ್ದು ಅಷ್ಟೇ. ಕೂಸೂ ನನ್ನ ತೊಡೆಯ ಮೇಲೇ ಇತ್ತು, ಯಾರಾದರೂ ನಂಬುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಮಾವ ಹೇಳಿದ, 'ನಾನೇ ಸಾರ್. ನಕ್ಷತ್ರದ ಭಯ. ಇವರೆಲ್ಲ ತೆಗಿ ಅಂದ್ರು, ನಾನೇ ಒಪ್ಪಲಿಲ್ಲ.'

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ನಲವತ್ತು ವರ್ಷ ಹೊರದೇಶದಲ್ಲಿ ಮಿಷಿನ್ನುಗಳ ಜೊತೆ ಬಾಳಿ, ಬಂಡವಾಳ ತಂದು ಕಾರ್ಖಾನೆ ಹಾಕಿದವರು ನಕ್ಷತ್ರಕ್ಕೆ ಹೆದರಿ ಪೌರತ್ವ ಬಿಟ್ಟಿರಿ ಎಂದರೆ ನಾನು ನಂಬಬೇಕಾ ಎಂದರು. ಆಮೇಲೆ ನನ್ನ ಕಡೆ ತಿರುಗಿ, 'ಟೀಚರ್, ನೀವು ಓದಿದವರು. ನೀವಾದರೂ ಇವರಿಗೆ ಬುದ್ಧಿ ಹೇಳಬಾರದಿತ್ತಾ?' ಎಂದು ಕೇಳಿದರು.

ಆ ಒಂದು ಮಾತಿಗೆ ನಾನು ತಲೆ ತಗ್ಗಿಸಿದೆ. ಓದಿದವಳು ಎಂದು ಅವರು ಕೊಟ್ಟ ಮರ್ಯಾದೆಯನ್ನು ಬಿಟ್ಟುಕೊಡಲು ನನಗೆ ಆಗಲಿಲ್ಲ. ಇದಕ್ಕೆ ಬೇರೆ ಕಾರಣ ಹೇಳಿ ನನ್ನನ್ನು ನಾನು ತೊಳೆದುಕೊಳ್ಳಲಾರೆ. ಕೂಸಿನ ಟೋಪಿ ಸರಿಮಾಡುತ್ತ ಕೂತೆ. ಅರ್ಜಿದಾರನ ಹೇಳಿಕೆ ನಂಬಲರ್ಹವಲ್ಲ ಎಂದು ಅವರು ಬರೆದದ್ದನ್ನು, ಕಾಗದ ತಲೆಕೆಳಗಾಗಿದ್ದರೂ, ನಾನು ಓದಿದೆ. ದೇಶ ಬಿಡಲು ಒಂದು ತಿಂಗಳು ಗಡುವು ಕೊಟ್ಟರು.

ಮೆಟ್ಟಿಲಿಳಿಯುವಾಗ ಮಾವ ಕೂಸನ್ನು ನನ್ನಿಂದ ತೆಗೆದುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಟೀ ಕೊಡಿಸಿದ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದಾಗ, 'ನೀನು ಸರ್ಕಾರಿ ಕೆಲ್ಸದೋಳು. ನಾಳೆ ಮಕ್ಳ ಮುಂದೆ ನಿಂತ್ಕೊಬೇಕು. ನನ್ನ ಮಾತು ಯಾರಿಗ್ ಬೇಕು ಬುಡು' ಎಂದ. ಅಷ್ಟು ಬಿಟ್ಟರೆ ಅವನು ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ.

ಶೆಡ್ಡು ಬೇರೆಯವರ ಕೈಗೆ ಹೋಯಿತು. ಆರು ಆಳುಗಳಲ್ಲಿ ಇಬ್ಬರು ಅವನನ್ನು ಮದ್ರಾಸಿನ ತನಕ ಬಿಟ್ಟು ಬಂದರು. ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ತಮ್ಮನ ಅಂಗಿ ಹಿಡಿದುಕೊಂಡು ಬಿಡಲಿಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಿದ ಮೇಲೆ ನಾನೇ ಅವಳ ಬೆರಳು ಬಿಡಿಸಿದೆ. ಮೊದಲ ವರ್ಷ ಅವನಿಂದ ಕಾಗದ ಬರುತ್ತಿತ್ತು, ಯಾರದೋ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ, ಯಾರದೋ ವರ್ಕ್‌ಶಾಪಿನಲ್ಲಿ ಕೂಲಿಗೆ ಹೋಗುತ್ತೇನೆ ಎಂದು. ಎರಡನೇ ವರ್ಷ ಆ ಮನೆಯವರಿಂದ ತಮಿಳಿನಲ್ಲಿ ಒಂದೇ ಒಂದು ಕಾಗದ ಬಂತು, ಅವನು ತೀರಿಹೋದನೆಂದು. ಅವ್ವನಿಗೆ ಓದಿ ಹೇಳಿದವಳೂ ನಾನೇ.

ಅವ್ವ ಕೊನೆಯವರೆಗೂ ಕಾನೂನನ್ನು ಬೈದಳು. ಎದುರು ಮನೆಯ ಮುದುಕಿ ತನ್ನನ್ನೇ ಬೈದುಕೊಂಡು ಸತ್ತಳು. ನಾನು ಇಬ್ಬರಿಗೂ ಸಮಾಧಾನ ಹೇಳಿದೆ. ಬಾಗಿಲು ತೆಗೆಸಿದ್ದರೆ ಮಾವ ಉಳಿಯುತ್ತಿದ್ದ, ಮಗಳಿಗೂ ಏನೂ ಆಗುತ್ತಿರಲಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತು. ಆದರೂ ಅದೇ ಜಗಲಿಯಲ್ಲಿ, ಅದೇ ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಮತ್ತೆ ಕೂತರೆ, ಮಾವ ಮತ್ತೆ ಹಾಗೇ ನನ್ನ ಮುಖ ನೋಡಿದರೆ, ನಾನು ಬೇಡ ಎಂದೇ ಹೇಳುತ್ತೇನೆ. ನನ್ನನ್ನು ತಿನ್ನುತ್ತಿರುವುದು ಅದೇ. ನಿನಗಾಗಿ ಒಬ್ಬ ಮನುಷ್ಯನನ್ನು ಹುಟ್ಟಿದೂರಿನಿಂದ ಹೊರಗೆ ಕಳಿಸಿದೆ ಎಂದು ಮಗಳಿಗೆ ನಾನಿನ್ನೂ ಹೇಳಿಲ್ಲ.